ಮೇಡಂ ಕೂತಾಗ ಮಾತ್ರ ಬರುವ ಸದ್ದು

ಸುಗಟೂರಿನ ವೆಂಕಟರಾಯಪ್ಪನ ಹೊಸ ಕಾರಿನಲ್ಲಿ ಒಂದು ಸದ್ದು ಬರುತ್ತಿತ್ತು. ಕಾರೆಂದ ಮೇಲೆ ಸದ್ದು ಬರುವುದು ದೊಡ್ಡ ಸಂಗತಿಯಲ್ಲ. ಆದರೆ ಈ ಸದ್ದು ಅವನ ಹೆಂಡತಿ ಅನಸೂಯಮ್ಮ ಮುಂದಿನ ಸೀಟಿನಲ್ಲಿ ಕೂತಾಗ ಮಾತ್ರ ಬರುತ್ತಿತ್ತು. ಅವಳು ಇಳಿದರೆ ಅದೂ ಇಳಿದುಹೋಗುತ್ತಿತ್ತು. ಇಷ್ಟಕ್ಕೆ ಕೋಲಾರದ ಶೋರೂಮಿನವರು, ಮಾಲೂರಿನ ನೆಂಟರು, ಸುಗಟೂರಿನ ಅರ್ಧ ಊರು, ಕಡೆಗೆ ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿ ಕೂಡ ತಲೆ ಕೆಡಿಸಿಕೊಂಡರು. ತಲೆ ಕೆಡಿಸಿಕೊಳ್ಳದೆ ಇದ್ದವಳು ಅನಸೂಯಮ್ಮ ಒಬ್ಬಳೇ. ಸದ್ದು ಶುರುವಾಗುವ ಹೊತ್ತಿಗೆ ಅವಳು ನಿದ್ದೆ ಹೋಗಿರುತ್ತಿದ್ದಳು.

ಕಾರು ಬಂದದ್ದು ಟೊಮೇಟೊ ಕೈಹಿಡಿದ ವರ್ಷ. ಆ ವರ್ಷ ಊರಿನಲ್ಲಿ ಕೆಲವರು ಮನೆಗೆ ಮಹಡಿ ಎಬ್ಬಿಸಿದರು, ಕೆಲವರು ಕೊಳವೆಬಾವಿ ಕೊರೆಸಿದರು. ವೆಂಕಟರಾಯಪ್ಪ ಕಾರು ತಂದ. ಅವನ ಟೊಮೇಟೊ ಹೊಲ, ಹಿಪ್ಪುನೇರಳೆ ತೋಟ, ಸೀಮೆಹಸು, ರೇಷ್ಮೆ ಹುಳದ ಮನೆ, ಹಾಲಿನ ಡೈರಿ ಎಲ್ಲವೂ ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದವು. ಕಾರು ಹೋಗಲೇಬೇಕಾದ ಜಾಗ ಅಂತ ಒಂದೂ ಇರಲಿಲ್ಲ. ಆದರೆ ಮಾಲೂರಿನಲ್ಲಿರುವ ಬಾಮೈದ ಅಶ್ವತ್ಥಪ್ಪ ಕಾರು ತಗೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಜು ಇಳಿಸಿ ಮೊಣಕೈ ಹೊರಗಿಟ್ಟು ಸುಗಟೂರಿನೊಳಗೆ ಬಂದ ದಿನದಿಂದ ವೆಂಕಟರಾಯಪ್ಪನಿಗೆ ತನ್ನ ಮೊಣಕೈ ಇಡಲು ಭೂಮಿ ಮೇಲೆ ಜಾಗವೇ ಇಲ್ಲವೆನ್ನಿಸತೊಡಗಿತ್ತು.

ಕಾರಿನ ಸೀಟುಗಳ ಮೇಲೆ ಕಂಪನಿಯವರು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದಕ್ಕೂ ಅಶ್ವತ್ಥಪ್ಪನೇ ಕಾರಣ. ಅವನ ಮಿಕ್ಸಿ ಕೆಟ್ಟಾಗ ಅಂಗಡಿಯವನು ಅದನ್ನು ಮಗುಚಿ ನೋಡಿ, ಅಡಿಯಲ್ಲಿದ್ದ ಚೀಟಿ ಕಿತ್ತಿದ್ದೀರಿ, ವಾರಂಟಿ ಇಲ್ಲ ಎಂದು ವಾಪಸು ಕಳಿಸಿದ್ದನಂತೆ. ಅಂದಿನಿಂದ ಅಶ್ವತ್ಥಪ್ಪ ವಾರಂಟಿಯ ವಿಷಯದಲ್ಲಿ ಪಂಡಿತನಾಗಿದ್ದ.

"ಭಾವ, ಏನಾದ್ರೂ ಮಾಡಿ, ಪ್ಲಾಸ್ಟಿಕ್ ಮಾತ್ರ ಮುಟ್ಬೇಡಿ. ಪ್ಲಾಸ್ಟಿಕ್ ಅಂದ್ರೆ ವಾರಂಟಿಗೆ ತಾಳಿ ಇದ್ದಂಗೆ. ಅದು ಇರೋವರ್ಗೂ ಕಂಪ್ನಿಯೋನು ಗಂಡ."

ವೆಂಕಟರಾಯಪ್ಪ ಇದನ್ನು ವೇದವಾಕ್ಯವೆಂದು ತೆಗೆದುಕೊಂಡ. ಡ್ರೈವರ್ ಸೀಟಿನ ಪ್ಲಾಸ್ಟಿಕ್ ಮಾತ್ರ, ಬ್ರೇಕ್ ಹಾಕಿದಾಗಲೆಲ್ಲ ಅವನನ್ನು ಸ್ಟೇರಿಂಗಿನ ಕೆಳಕ್ಕೆ ಜಾರಿಸುತ್ತಿತ್ತು. ಅದೊಂದನ್ನು ಬಿಚ್ಚಿ, ಪಂಚೆಯಂತೆ ಮಡಚಿ, ಡಿಕ್ಕಿಯಲ್ಲಿ ಭದ್ರವಾಗಿಟ್ಟ. ನಾಳೆ ಯಾರಾದರೂ ಕೇಳಿದರೆ ತೋರಿಸಬೇಕಲ್ಲ.

ಒಬ್ಬನೇ ಹೋಗುವಾಗ ಅವನು ಏಸಿ ಹಾಕುತ್ತಿರಲಿಲ್ಲ. ಅದು ಪೆಟ್ರೋಲಿಗೆ ಮಾಡುವ ದ್ರೋಹವೆಂದು ಅವನ ನಂಬಿಕೆ. ಹೆಂಡತಿ ಕೂತಾಗ ಮಾತ್ರ ಹಾಕುತ್ತಿದ್ದ. ಹಾಕಿ, "ಏಸಿ ಹಾಕಿದೀನಿ" ಅಂತ ಹೇಳುತ್ತಿದ್ದ. ಅನಸೂಯಮ್ಮ "ಹೂಂ" ಅನ್ನುತ್ತಿದ್ದಳು. ತಣ್ಣನೆಯ ಗಾಳಿ ಮುಖಕ್ಕೆ ಬರುತ್ತಿತ್ತು. ಅದರ ಹಿಂದೆಯೇ ಎಲ್ಲಿಂದಲೋ ಆ ಸದ್ದು ಬರುತ್ತಿತ್ತು. ಸಣ್ಣಗೆ, ಸರಸರ ಅಂತ, ಒಂದೇ ಸಮನೆ.

ರೇಷ್ಮೆ ಹುಳ ಕಡೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದ ಮೇಲೆ ಅದಕ್ಕೆ ರಾಕ್ಷಸ ಹಸಿವು. ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಇಡೀ ಹುಳದ ಮನೆ ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಇರುವಷ್ಟು ಹೊತ್ತು ಯಾರಿಗೂ ಏನೂ ಬೇಕಿರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅನಸೂಯಮ್ಮ ಕಾಲು ಚಾಚಿ ಕೂತದ್ದು ಆ ಹೊತ್ತಿನಲ್ಲೇ. ಕೂರಬಹುದಿತ್ತು ಅಷ್ಟೆ, ಮಲಗುವ ಹಾಗಿರಲಿಲ್ಲ. ಸದ್ದು ತೆಳುವಾಯಿತೆಂದರೆ ಸೊಪ್ಪು ಮುಗಿಯಿತೆಂದು ಅರ್ಥ, ಮತ್ತೆ ಏಳಬೇಕು. ರಾತ್ರಿ ಹಾಸಿಗೆಯಲ್ಲೂ ಅವಳ ಒಂದು ಕಿವಿ ಹುಳದ ಮನೆಯಲ್ಲೇ ಇರುತ್ತಿತ್ತು.

ಕಾರಿನಲ್ಲಿ ಆ ಸದ್ದು ತೆಳುವಾಗುತ್ತಲೇ ಇರಲಿಲ್ಲ.

ಆದ್ದರಿಂದ ಅವಳು ಮಲಗಿದಳು. ಊರ ಬಾಗಿಲು ದಾಟುವ ಮೊದಲೇ ತಲೆ ಗಾಜಿಗೆ ಒರಗುತ್ತಿತ್ತು. ಕನಸಿನಲ್ಲಿ ರಸ್ತೆ ಒಂದು ದೊಡ್ಡ ಹಿಪ್ಪುನೇರಳೆ ಎಲೆಯಾಗುತ್ತಿತ್ತು. ನಡುವಿನ ನರದ ಮೇಲೆ ಬಿಳೀ ಕಾರು ಹುಳದಂತೆ ಮೆತ್ತಗೆ ತೆವಳುತ್ತಿತ್ತು. ಎಲೆಯ ಅಂಚಿನಲ್ಲಿ ಕೋಲಾರವಿತ್ತು, ಆದರೆ ಕೋಲಾರಕ್ಕೆ ಅವಸರವಿರಲಿಲ್ಲ. ಯಾರೋ ಎಲ್ಲರಿಗೂ ಆಗಲೇ ಊಟ ಬಡಿಸಿದ್ದರು.

ಇತ್ತ ಎಚ್ಚರದಲ್ಲಿದ್ದ ವೆಂಕಟರಾಯಪ್ಪನ ಪಾಡು ಬೇರೆ. ಅವನು ಏಸಿ ಇದ್ದರೂ ಗಾಜಿಳಿಸಿ ಮೊಣಕೈ ಹೊರಗಿಟ್ಟು, ಮೀಸೆ ನೀವಿಕೊಂಡು ಕೋಲಾರದ ಬೀದಿಯಲ್ಲಿ ಹೊರಟರೆ ನೋಡುವವರಿಗೆ ಕಾಣುತ್ತಿದ್ದದ್ದು ಪಕ್ಕದಲ್ಲಿ ಬಾಯಿ ಅರೆತೆರೆದು, ಕುತ್ತಿಗೆ ವಾಲಿಸಿಕೊಂಡಿದ್ದ ಹೆಂಗಸು. ಸಿಗ್ನಲ್ಲಿನಲ್ಲಿ ಪರಿಚಯದವರು ಗಾಜಿಗೆ ಬಗ್ಗಿ, "ಏನಾಯ್ತು ಅಕ್ಕಂಗೆ? ಯಾವ ಆಸ್ಪತ್ರೆಗೆ?" ಎಂದು ಕೇಳುತ್ತಿದ್ದರು. ಒಬ್ಬ ಆಟೋದವನಂತೂ ಮುಂದೆ ಹೋಗಿ, ಕೈ ಬೀಸಿ ದಾರಿ ಬಿಡಿಸಿಕೊಟ್ಟ.

"ಆ ಸದ್ದೇ ನಿನ್ನ ಮಲಗಿಸ್ತಿರೋದು ಕಣೇ," ಎಂದು ವೆಂಕಟರಾಯಪ್ಪ ತೀರ್ಮಾನಿಸಿದ. "ಹೊಸ ಕಾರಲ್ಲಿ ಸದ್ದು ಬರಂಗಿಲ್ಲ. ವಾರಂಟಿ ಐತೆ. ತೆಗೆಸ್ತೀನಿ."

ಅವನು ಹಾಗೆಂದ ಮರುದಿನವೇ ಅನಸೂಯಮ್ಮನಿಗೆ ಗುಟ್ಟು ಗೊತ್ತಾಯಿತು. ಚಕ್ರ ಹಳ್ಳಕ್ಕೆ ಇಳಿದು ಅವಳಿಗೆ ಎಚ್ಚರವಾಯಿತು. ಬಾಗಿಲ ಕಡೆಗೆ ಪ್ಲಾಸ್ಟಿಕ್ ಹಾಳೆ ನಾಲಿಗೆಯಷ್ಟು ಹರಿದಿತ್ತು. ಅವಳ ಭಾರಕ್ಕೆ ಹಾಳೆ ಬಿಗಿದುಕೊಂಡಾಗ ಆ ನಾಲಿಗೆ ಎದ್ದು ನಿಂತು, ಏಸಿಯ ಗಾಳಿಗೆ ನಡುಗುತ್ತಿತ್ತು. ಅವಳು ಬೆರಳಿಟ್ಟಳು. ಸದ್ದು ನಿಂತಿತು.

"ನಿಂತೋಯ್ತಾ?" ಎಂದ ಗಂಡ.

ಅವಳು ಬೆರಳು ತೆಗೆದಳು.

"ಇಲ್ಲ, ಐತೆ ಐತೆ."

ಹೇಳಬಹುದಿತ್ತು. ಮಾತು ಬಾಯಿವರೆಗೂ ಬಂದಿತ್ತು. ಅಷ್ಟರಲ್ಲಿ ನಿದ್ದೆಯೂ ಹೊರಟಿತ್ತು, ಅದೇ ಮೊದಲು ತಲುಪಿತು.

ಕೋಲಾರದ ಬೈಪಾಸಿನ ಪಕ್ಕದಲ್ಲಿದ್ದ ಶೋರೂಮಿನ ಸರ್ವೀಸು ವಿಭಾಗದಲ್ಲಿ ಮುರಳಿಮೋಹನ್ ಎಂಬ ಯುವಕ ಗಿರಾಕಿಗಳ ದೂರು ಕೇಳಿಕೊಳ್ಳುತ್ತಿದ್ದ. ಕತ್ತಿಗೆ ಟೈ, ಕೈಯಲ್ಲಿ ಹಲಗೆಯಂಥ ಫೋನು, ಮುಖದಲ್ಲಿ ಯಾರು ಬೈದರೂ ಅಳಿಸದ ನಗು.

"ಯಾವ ಥರ ಸೌಂಡು ಸರ್?"

"ಹುಳ ಸೊಪ್ಪು ಮೇಯ್ದಂಗೆ."

ಮುರಳಿಮೋಹನನ ನಗು ಸ್ವಲ್ಪ ಕುಂದಿತು. "ಗಾಡಿ ಒಳಗೆ ಹುಳ ಇದ್ಯಾ ಸರ್?"

"ಹುಳ ಇಲ್ಲ. ಹುಳ ಇದ್ದಂಗೆ."

"ಹುಳ, ಇಲಿ, ಇರುವೆ ಇವೆಲ್ಲ ವಾರಂಟೀಲಿ ಬರಲ್ಲ ಸರ್. ಬೇಕಾದ್ರೆ ಒಂದ್ಸಲ ಔಷಧಿ ಹೊಡೆಸಿಕೊಡ್ತೀವಿ."

ಪಕ್ಕದಲ್ಲಿ ನಿಂತಿದ್ದ ಅನಸೂಯಮ್ಮ ಅಂದಳು: "ಔಷಧಿ ಹೊಡೆದ ಕಾರಲ್ಲಿ ಕೂತ್ರೆ ನಾನು ಹುಳದ ಮನೆಗೆ ಕಾಲಿಡಂಗಿಲ್ಲಪ್ಪ. ವಾಸನೆ ತಾಕಿದ್ರೆ ಬೆಳೆಯೆಲ್ಲ ಸಾಯ್ತೈತೆ."

"ಅಂದ್ರೆ ಹುಳ ಸಾಯಬಾರ್ದಾ ಮೇಡಂ?"

"ಸಾಯಬಾರ್ದು."

ಕಾರಿನೊಳಗಿನ ಹುಳವನ್ನು ಉಳಿಸಿಕೊಂಡು ಸದ್ದನ್ನು ಮಾತ್ರ ತೆಗೆಯಬೇಕೆಂಬ ಗಿರಾಕಿಯನ್ನು ಮುರಳಿಮೋಹನ್ ಅಲ್ಲಿಯವರೆಗೆ ಕಂಡಿರಲಿಲ್ಲ. ವಿಷಯ ಬಿಡಿಸಿ ಹೇಳುವಷ್ಟರಲ್ಲಿ ವೆಂಕಟರಾಯಪ್ಪನಿಗೆ ಸಾಕುಬೇಕಾಯಿತು. ಕೊನೆಗೆ ಓಡಿಸಿಯೇ ನೋಡುವುದೆಂದಾಯಿತು.

ಇಲ್ಲಿಂದ ವಿಜ್ಞಾನ ಶುರು. ಮೊದಲು ಮೆಕ್ಯಾನಿಕ್ ಒಬ್ಬನೇ ಓಡಿಸಿದ. ಸದ್ದಿಲ್ಲ. ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ಮುಂದಿನ ಸೀಟಿನಲ್ಲಿ ಕೂರಲು ಬಂದ. ಅವನ ಬಟ್ಟೆಯ ಗ್ರೀಸು ಕಂಡು ವೆಂಕಟರಾಯಪ್ಪ ಓಡಿ ಹೋಗಿ, ಡಿಕ್ಕಿಯಿಂದ ದಪ್ಪ ದುಪ್ಪಟಿ ತಂದು ಪ್ಲಾಸ್ಟಿಕ್ಕಿನ ಮೇಲೆ ನಾಲ್ಕೂ ಕಡೆ ಸಿಕ್ಕಿಸಿ ಹಾಸಿದ. ಸದ್ದಿಲ್ಲ. ಮುರಳಿಮೋಹನ್ ತಾನೇ ಕೂತ; ಅವನಿಗೂ ದುಪ್ಪಟಿ. ಸದ್ದಿಲ್ಲ. ಆಮೇಲೆ ದುಪ್ಪಟಿ ತೆಗೆದು ಅನಸೂಯಮ್ಮನನ್ನು ಕೂರಿಸಿದರು. ಗೇಟು ದಾಟುವ ಮೊದಲೇ ಸರಸರ ಅಂತ ಬಂತು. ಅವಳಿಗೆ ನಿದ್ದೆಯೂ ಬಂತು.

ಹಿಂದಿನ ಸೀಟಿನಲ್ಲಿದ್ದ ಮುರಳಿಮೋಹನ್ ತಿರುಗಿ ಬಂದ ಮೇಲೆ ವೆಂಕಟರಾಯಪ್ಪನನ್ನು ಪಕ್ಕಕ್ಕೆ ಕರೆದು, ಮನೆಯವರ ಕಾಯಿಲೆ ಹೇಳುವ ಡಾಕ್ಟರಂತೆ ಧ್ವನಿ ತಗ್ಗಿಸಿದ. "ಸರ್, ಬೇಜಾರು ಮಾಡ್ಕೋಬೇಡಿ. ಮೇಡಂ ಇದ್ರೆ ಬರುತ್ತೆ, ಇಲ್ದಿದ್ರೆ ಬರಲ್ಲ. ವಾರಂಟಿ ಇರೋದು ಗಾಡಿಗೆ ಸರ್. ಮೇಡಂಗಲ್ಲ."

"ಏನಂದೆ? ನನ್ನ ಹೆಂಡ್ತಿ ಸದ್ದು ಮಾಡ್ತಾಳೆ ಅಂತಲಾ? ಅಲ್ಲಯ್ಯ, ಇಷ್ಟು ವರ್ಷ ಮನೇಲಿ ಸದ್ದು ಮಾಡ್ದೆ ಇರೋಳು, ನಿನ್ನ ಕಾರಲ್ಲಿ ಬಂದು ಮಾಡ್ತಾಳಾ?"

ಅನಸೂಯಮ್ಮನಿಗೆ ಗಂಡ ತನ್ನ ಪರವಾಗಿ ಜಗಳಕ್ಕೆ ನಿಂತದ್ದು ಕಂಡು ಒಂಥರಾ ಆಯಿತು. ಹೆಮ್ಮೆಯೋ ಅಳುಕೋ ಎಂದು ಬಿಡಿಸಿ ನೋಡಲು ಹೋಗಲಿಲ್ಲ.

ಮಾತು ಅವರಿಗಿಂತ ಮೊದಲು ಸುಗಟೂರು ಸೇರಿತ್ತು. ಸಂಜೆ ಪಕ್ಕದ ಮನೆಯ ಗಂಗರತ್ನಮ್ಮ ಹಾಲಿನ ಕ್ಯಾನು ಹಿಡಿದವಳು ಹಾಗೇ ಒಳಗೆ ಬಂದಳು.

"ಅನಸೂಯಕ್ಕ, ನಿನ್ನಲ್ಲಿ ಸದ್ದು ಐತಂತೆ?"

"ಹಂಗಂತಾರೆ."

"ಮಂಡಿದಿರಬೇಕು. ನಮ್ಮತ್ತೆಗೆ ಹಂಗೇ ಇತ್ತು. ಬೆಟ್ಟ ಹತ್ತೋವಾಗ ಹಿಂದೆ ಬರೋರಿಗೆಲ್ಲ ಕೇಳೋದು. ಏಮಿ ಕರ್ಮಮೋ ತಾಯಿ, ಹೆಂಗಸರ ಮಂಡಿ ಕಾರಿನೋರಿಗೂ ಗೊತ್ತಾಗೋ ಕಾಲ ಬಂತು."

ಡೈರಿಯ ಕಾರ್ಯದರ್ಶಿ ಮುನಿಯಲ್ಲಪ್ಪ ಬಳೆ ಎಂದ. ಬಳೆ ತೆಗೆಸಿ ಕೂರಿಸಿದರು, ಸದ್ದು ಬಂತು. ಕಾಲುಂಗುರ ಎಂದರು. ಗಂಜಿ ಹಾಕಿದ ಸೀರೆ ಎಂದರು. ಹಳೇ ವಾಯಿಲ್ ಸೀರೆ ಉಡಿಸಿದರು. ಸದ್ದು ಬಂತು, ನಿದ್ದೆ ಇನ್ನೂ ಚೆನ್ನಾಗಿ ಬಂತು. ಕೊನೆಗೆ ವೆಂಕಟರಾಯಪ್ಪ ಕಾರನ್ನು ಬಿಟ್ಟು ಹೆಂಡತಿಯನ್ನೇ ಪರೀಕ್ಷಿಸಲು ಹೊರಟ. ನಡುಮನೆಯಲ್ಲಿ ಕುರ್ಚಿ ಹಾಕಿ, ಅವಳನ್ನು ಕೂರಿಸಿ, ಮುಖಕ್ಕೆ ಟೇಬಲ್ ಫ್ಯಾನು ತಿರುಗಿಸಿ, "ಎಲ್ರೂ ಸುಮ್ನಿರ್ರಿ" ಎಂದ. ಬಾಗಿಲಲ್ಲಿ ನಿಂತವರು ಉಸಿರು ಬಿಗಿಹಿಡಿದರು. ಗಂಗರತ್ನಮ್ಮ ನೆಲಕ್ಕೆ ಕೂತು ಅನಸೂಯಮ್ಮನ ಮಂಡಿಗೆ ಕಿವಿಯಿಟ್ಟಳು. ಒಂದು ಮಂಡಿ, ಆಮೇಲೆ ಇನ್ನೊಂದು, ಆಮೇಲೆ ಹೊಟ್ಟೆ.

"ಏನ್ ಕೇಳ್ತೈತೆ?" ಎಂದ ಮುನಿಯಲ್ಲಪ್ಪ.

"ಮಂಡಿ ಸುಮ್ನಿದೆ. ಹೊಟ್ಟೇಲಿ ಹಸಿವು ಕೇಳ್ತು. ಬೆಳಗ್ಗೆಯಿಂದ ಇವಳಿಗೆ ಯಾರಾದ್ರೂ ಏನಾದ್ರೂ ಕೊಟ್ರಾ ಇಲ್ವಾ?"

ಯಾರೂ ಕೊಟ್ಟಿರಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಅವಳು ಎಲ್ಲರಿಗೂ ಬಡಿಸಿ ತಾನು ಮರೆತಿದ್ದಳು. ಈ ಸಂಶೋಧನೆಯಿಂದ ಕಾರಿಗೆ ಉಪಯೋಗವಿಲ್ಲವೆಂದು ಜನ ಚದುರಿದರು.

ಮಾಲೂರಿನಿಂದ ಅಶ್ವತ್ಥಪ್ಪ ಬಂದ ಮೇಲೆ ವಿಷಯ ಮನೆಯಿಂದ ನ್ಯಾಯಕ್ಕೆ ಏರಿತು. "ಅಕ್ಕಯ್ಯ, ನೀನು ಹೆದ್ರಬೇಡ. ಭಾವ, ಇದು ಕಾರಿನ ಮಾತಲ್ಲ, ಮರ್ಯಾದೆ ಮಾತು. ಹೆಣ್ಮಗಳನ್ನ ಸದ್ದು ಅಂದ್ರೆ ಏನರ್ಥ? ಗ್ರಾಹಕರ ಕೋರ್ಟಿಗೆ ಎಳೀತೀನಿ. ಪ್ಲಾಸ್ಟಿಕ್ ಹಂಗೇ ಐತಾ?"

"ಹಂಗೇ ಐತೆ."

"ಸಾಕು. ಅದೇ ನಮ್ಮ ಸಾಕ್ಷಿ."

ಮುಖ್ಯ ಸಾಕ್ಷಿಯೇ ಅಪರಾಧಿಯೆಂದು ತಿಳಿದಿದ್ದ ಅನಸೂಯಮ್ಮ ಒಲೆಯ ಕಡೆ ತಿರುಗಿ ಮುದ್ದೆ ತೊಳಸಿದಳು.

ಮೂವರೂ ಶೋರೂಮಿಗೆ ಹೋದ ಹೊತ್ತಿಗೆ ಅಲ್ಲಿ ಬೇರೊಂದು ಕುಟುಂಬ ಹೊಸ ಕಾರಿಗೆ ಹಾರ ಹಾಕುವುದರಲ್ಲಿತ್ತು. ಅಶ್ವತ್ಥಪ್ಪ ನೇರವಾಗಿ ಆ ಕುಟುಂಬದ ಯಜಮಾನನ ಮುಂದೆ ನಿಂತು ಕೈ ಮುಗಿದ. "ಅಣ್ಣ, ತಗೊಳ್ಳಿ, ಒಳ್ಳೇ ಕಾರು. ಒಂದೇ ಮಾತು. ಹೆಂಡ್ತೀನ ಕೂರಿಸ್ಬೇಡಿ. ಕೂರ್ಸಿದ್ರೆ ವಾರಂಟಿ ಹೋಗ್ತೈತೆ." ಯಜಮಾನನ ಹೆಂಡತಿಯ ಕೈಯಲ್ಲಿದ್ದ ಹಾರ ಅಲ್ಲೇ ನಿಂತಿತು. ಮುರಳಿಮೋಹನ್ ಓಡಿ ಬಂದ. ಅವನ ಹಿಂದೆ ಮ್ಯಾನೇಜರ್ ಓಡಿ ಬಂದ. ಎಲ್ಲರಿಗೂ ಕಾಫಿ ಬಂತು. ಕಾಫಿ ಮುಗಿಯುವಷ್ಟರಲ್ಲಿ ಬೆಂಗಳೂರಿಗೆ ಫೋನು ಹೋಗಿ, ಕಂಪನಿಯ ದೊಡ್ಡ ಇಂಜಿನಿಯರ್ ಮುಂದಿನ ವಾರ ಖುದ್ದಾಗಿ ಬಂದು ಕೇಳುತ್ತಾರೆಂದು ತೀರ್ಮಾನವಾಯಿತು.

"ಅವರು ಬಂದ್ರೆ ಮುಗೀತು ಸರ್," ಎಂದ ಮುರಳಿಮೋಹನ್. "ಬೇಕಾದ್ರೆ ಆ ಸೀಟನ್ನೇ ಕಿತ್ತು ಹೊಸ ಸೀಟು ಹಾಕಿಸ್ತಾರೆ."

ವೆಂಕಟರಾಯಪ್ಪ ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಹೊಸ ಸೀಟಿಗೂ ಪ್ಲಾಸ್ಟಿಕ್ ಇರುತ್ತದೆ. ಆದರೆ ಹರಿದ ನಾಲಿಗೆ ಇರುವುದಿಲ್ಲ. ಆ ವಾರವೆಲ್ಲ ಅನಸೂಯಮ್ಮ ಸೊಪ್ಪು ಕೊಯ್ಯುತ್ತಾ, ಹುಳದ ಹಾಸಿಗೆ ಬದಲಿಸುತ್ತಾ ಇದನ್ನೇ ಯೋಚಿಸಿದಳು. ನಿಜ ಹೇಳಿದರೆ ಸೀಟು ಉಳಿಯುತ್ತದೆ, ಪ್ಲಾಸ್ಟಿಕ್ ಹೋಗುತ್ತದೆ. ತಾನೇ ಕಾಪಾಡಿಕೊಂಡ ಪ್ಲಾಸ್ಟಿಕ್ಕಿನ ಸದ್ದಿಗೇ ಕಂಪನಿಯ ಮೇಲೆ ಜಗಳವಾಡಿದವನೆಂದು ಕೋಲಾರದಿಂದ ಮಾಲೂರಿನವರೆಗೆ ಗಂಡನನ್ನು ನೋಡಿ ನಗುತ್ತಾರೆ. ಹೇಳದಿದ್ದರೆ ಸೀಟು ಹೋಗುತ್ತದೆ. ಹೇಗೆ ನೋಡಿದರೂ ನಿದ್ದೆ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಅವಳಿಗೆ ಅಂತ ಸಿಕ್ಕಿದ್ದು ಅದೊಂದೇ. ಅದನ್ನು ರಿಪೇರಿ ಮಾಡಲು ಇಷ್ಟೊಂದು ಜನ ಸೇರಿದ್ದರು.

ದೊಡ್ಡ ಇಂಜಿನಿಯರ್ ಎಂದರೆ ಹೊಟ್ಟೆ ಇರುವ ಗಂಡಸನ್ನು ಎಲ್ಲರೂ ಎಣಿಸಿದ್ದರು. ಬಂದವಳು ಶ್ರೀವಾಣಿ. ಕಣ್ಣ ಕೆಳಗೆ ಕಪ್ಪು, ಹೆಗಲಲ್ಲಿ ಭಾರದ ಚೀಲ, ಅವಸರದಲ್ಲಿ ಹೆಣೆದ ಜಡೆ. ಮಾತಾಡುವ ಮೊದಲೇ ಅವಳ ಫೋನು ಹೊಡೆದುಕೊಂಡಿತು. "ಹೂಂ ಅತ್ತೆ, ಫ್ರಿಜ್ಜಲ್ಲಿ ಕೆಳಗಿನ ಡಬ್ಬಿ. ಅದಲ್ಲ, ಹಸಿರು ಮುಚ್ಚಳದ್ದು." ಇಟ್ಟಳು. ಮತ್ತೆ ಹೊಡೆದುಕೊಂಡಿತು. "ಸರ್, ರಿಪೋರ್ಟು ಸಂಜೆಗೆ ಕಳಿಸ್ತೀನಿ. ಆಯ್ತು, ಮಧ್ಯಾಹ್ನಕ್ಕೆ." ಇಟ್ಟಳು. ಮೂರನೆಯದು ಮಗನದು. "ಅಮ್ಮ ಕಣೋ, ನೀಲಿ ಬ್ಯಾಗಲ್ಲಿ ನೋಡು." ಅನಸೂಯಮ್ಮ ಅವಳನ್ನೇ ನೋಡಿದಳು. ಇವಳ ಹುಳದ ಮನೆ ಚೀಲದಲ್ಲೇ ಇದೆ ಅನ್ನಿಸಿತು.

"ನಾನೇ ಮುಂದೆ ಕೂರ್ತೀನಿ," ಎಂದಳು ಶ್ರೀವಾಣಿ. "ಮೇಡಂ ಹಿಂದೆ ಕೂರ್ಲಿ."

ವೆಂಕಟರಾಯಪ್ಪ ಡಿಕ್ಕಿಯ ಕಡೆ ಹೆಜ್ಜೆ ಹಾಕಿ ನಿಂತ. ಬೆಂಗಳೂರಿನಿಂದ ಬಂದ ಹೆಣ್ಣುಮಗಳು, ಅದೂ ಅಧಿಕಾರಿ. ಅವಳ ಕೆಳಗೆ ದುಪ್ಪಟಿ ಹಾಸುವುದು ಹೇಗೆ. ಹಾಗೇ ಕೂರಿಸಿದ. ಹಿಂದೆ ಅನಸೂಯಮ್ಮ, ಅವಳ ಪಕ್ಕ ಮುರಳಿಮೋಹನ್. ಸಾಕ್ಷಿಗೆಂದು ಅಶ್ವತ್ಥಪ್ಪ ತನ್ನ ಕಾರಿನಲ್ಲಿ ಹಿಂಬಾಲಿಸಿದ.

ಕೋಲಾರ ದಾಟಿದರು. "ಏಸಿ ಹಾಕಿದೀನಿ," ಎಂದ ವೆಂಕಟರಾಯಪ್ಪ ಅಭ್ಯಾಸಬಲದಿಂದ.

ಸರಸರ ಅಂತ ಬಂತು.

"ನೋಡಿದ್ರಾ?" ಎಂದು ಅವನು ಸೀಟಿನಲ್ಲೇ ಎದ್ದ. "ನನ್ನ ಹೆಂಡ್ತಿ ಹಿಂದೆ ಅವಳೆ. ಸದ್ದು ಮುಂದೆ ಐತೆ."

ಶ್ರೀವಾಣಿ ಕೈಯೆತ್ತಿ ಸುಮ್ಮನಿರಲು ಹೇಳಿದಳು. ಅವಳ ಕಣ್ಣು ಡ್ಯಾಶ್ ಬೋರ್ಡಿನಿಂದ ಗಾಳಿಕಿಂಡಿಗೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಕೆಳಕ್ಕೆ ಇಳಿದು ಹರಿದ ಅಂಚಿನ ಮೇಲೆ ನಿಂತಿತು. ಹಿಂದಿನಿಂದ ಅನಸೂಯಮ್ಮನಿಗೆ ಎಲ್ಲ ಕಾಣುತ್ತಿತ್ತು. ಕಲಿತ ಹೆಂಗಸು, ಒಂದೇ ನೋಟಕ್ಕೆ ಹಿಡಿದುಬಿಟ್ಟಳು. ಅನಸೂಯಮ್ಮ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಕಾದಳು.

ಶ್ರೀವಾಣಿ ಬಾಯಿ ತೆರೆದಳು. ಅದರಿಂದ ಬಂದದ್ದು ಆಕಳಿಕೆ. ಆಕಳಿಕೆ ಮುಗಿಸಿ ಹೇಳೋಣವೆಂದು ಒಂದು ಕ್ಷಣ ತಲೆ ಹಿಂದಕ್ಕೆ ಒರಗಿಸಿದಳು. ಸದ್ದು ತೆಳುವಾಗಲಿಲ್ಲ. ಮಡಿಲಲ್ಲಿ ಫೋನು ಬೆಳಗಿತು. ಅವಳು ಅದನ್ನು ಮಗುಚಿಟ್ಟಳು. ಕಾರು ಹಿಪ್ಪುನೇರಳೆ ತೋಟಗಳ ನಡುವೆ ನುಗ್ಗುವ ಹೊತ್ತಿಗೆ ಅವಳ ಜಡೆ ಗಾಜಿಗೆ ಒರಗಿತ್ತು.

"ಮೇಡಂ ಕಣ್ಮುಚ್ಚಿ ಕೇಳ್ತಾ ಇದ್ದಾರೆ," ಎಂದು ಮುರಳಿಮೋಹನ್ ಭಕ್ತಿಯಿಂದ ಪಿಸುಗುಟ್ಟಿದ.

"ದೊಡ್ಡ ಇಂಜಿನಿಯರ್ ಗಳು ಹಂಗೇ," ಎಂದ ವೆಂಕಟರಾಯಪ್ಪ. "ಸಂಗೀತ ಕೇಳೋರ ಥರ."

ಸುಗಟೂರಿನ ಬಸ್ ನಿಲ್ದಾಣದಲ್ಲಿ ಊರು ತೀರ್ಪಿಗಾಗಿ ಕಾದಿತ್ತು. ಮುನಿಯಲ್ಲಪ್ಪ ಕೈ ಎತ್ತಿದ. ಗಂಗರತ್ನಮ್ಮ ರಸ್ತೆಗೇ ಇಳಿದಳು. ವೆಂಕಟರಾಯಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸ್ಬೇಡಿ," ಎಂದಳು ಅನಸೂಯಮ್ಮ ಹಿಂದಿನಿಂದ.

"ಯಾಕೇ?"

"ಇನ್ನೂ ಕೇಳ್ತಾ ಅವ್ರೆ. ಹೋಗಿ."

ಹೋದರು. ಊರು ಬಾಯಿ ಬಿಟ್ಟು ನೋಡಿತು. ಮುಂದಿನ ಸೀಟಿನಲ್ಲಿ ಇನ್ಯಾವಳೋ ಹೆಂಗಸು ಕುತ್ತಿಗೆ ವಾಲಿಸಿಕೊಂಡಿದ್ದಳು. ಸದ್ದು ಅಂಟುರೋಗವೆಂಬ ಸುದ್ದಿ ಸುಗಟೂರಿನಲ್ಲಿ ಹುಟ್ಟಿದ್ದು ಆಗಲೇ.

ಅಶ್ವತ್ಥಪ್ಪನ ಫೋನು ಬಂತು. "ಭಾವ, ಊರು ದಾಟಿ ಎಲ್ಲಿಗೆ ಹೋಗ್ತಾ ಇದೀರಿ? ಕಂಪ್ನಿಯೋರು ಏನಾದ್ರೂ ಬೆದರಿಸಿ ಕರ್ಕೊಂಡು ಹೋಗ್ತಾವ್ರಾ?"

ಅನಸೂಯಮ್ಮ ಕೈ ಚಾಚಿ ಫೋನು ತೆಗೆದುಕೊಂಡಳು. "ಮಾತಾಡ್ದೆ ಹಿಂದೆ ಬಾರೋ. ಹಾರ್ನು ಹೊಡೀಬೇಡ." ಫೋನಿಟ್ಟಳು. ತಮ್ಮನಿಗೂ ಗಂಡನಿಗೂ ಒಂದೇ ಉಸಿರಿನಲ್ಲಿ ಅಪ್ಪಣೆ ಕೊಟ್ಟೆನೆಂದು ಅವಳಿಗೆ ಆಮೇಲೆ ಹೊಳೆಯಿತು. ಇಬ್ಬರೂ ಕೇಳಿದ್ದರೆಂಬುದು ಇನ್ನೂ ಆಮೇಲೆ ಹೊಳೆಯಿತು.

ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳು ಶುರುವಾದವು. ಅನಸೂಯಮ್ಮ ಗಾಜಿನಾಚೆ ನೋಡಿದಳು. ಈ ಕಾರಿನಲ್ಲಿ ಅವಳು ಎಚ್ಚರವಾಗಿ ಕೂತದ್ದು ಅದೇ ಮೊದಲು. ಮರಗಳ ಕೆಳಗೆ ನೆರಳು ಕೊಳದಂತೆ ನಿಂತಿತ್ತು. ಬಂಡೆಗಳ ಮೇಲೆ ಬಂಡೆ ಯಾರೋ ಆಡಿ ಬಿಟ್ಟುಹೋದಂತೆ ಕೂತಿದ್ದವು. ಯಾವುದೋ ಊರಿನ ಜಗಲಿಯಲ್ಲಿ ಒಬ್ಬಳು ಹುಣಸೆಹಣ್ಣು ಕುಟ್ಟುತ್ತಾ ತಲೆಯೆತ್ತಿ ಕಾರನ್ನು ನೋಡಿದಳು. ತಾನು ಇಷ್ಟು ದಿನ ಮಲಗಿ ದಾಟಿದ ದಾರಿಗಳೂ ಹೀಗೇ ಇದ್ದಿರಬಹುದೇನೋ. ಇರಲಿ, ಅವು ಎಲ್ಲಿಗೂ ಹೋಗುವುದಿಲ್ಲ.

ಅಷ್ಟರಲ್ಲಿ ಮುರಳಿಮೋಹನ್ ಕಿವಿ ನಿಮಿರಿಸಿದ. "ಸರ್, ಇನ್ನೊಂದು ಸೌಂಡು ಬರ್ತಾ ಇದೆ. ಸ್ವಲ್ಪ ದಪ್ಪ."

ವೆಂಕಟರಾಯಪ್ಪನಿಗೂ ಕೇಳಿಸಿತು. "ಹೌದಲ್ಲ. ಇದು ಮೊದ್ಲು ಇರ್ಲಿಲ್ಲ. ಇದೂ ವಾರಂಟೀಲಿ ಬರ್ತೈತಾ?"

"ಅದು ನಿಮ್ಮ ಮೇಡಂದು ಕಣಪ್ಪ," ಎಂದಳು ಅನಸೂಯಮ್ಮ.

ಇಬ್ಬರು ಗಂಡಸರೂ ಮುಂದಿನ ಸೀಟನ್ನು ನೋಡಿದರು. ಗೊರಕೆ ಒಂದೇ ಲಯದಲ್ಲಿ, ಶಿಸ್ತಾಗಿ ಬರುತ್ತಿತ್ತು.

"ಮಲಗಿದ್ದಾರಾ?" ಎಂದ ಮುರಳಿಮೋಹನ್. "ಎಬ್ಬಿಸೋದು ಯಾರು?"

"ಯಾರೂ ಎಬ್ಬಿಸಂಗಿಲ್ಲ. ಎದ್ದಾಗ ಏಳ್ತಾಳೆ. ಪಾಪ, ಎಷ್ಟು ದಿನದ ನಿದ್ದೆಯೋ."

ಹೋಗಲು ಜಾಗವೇ ಇಲ್ಲದೆ ಕಾರು ಕೊಂಡ ವೆಂಕಟರಾಯಪ್ಪ ಹೀಗೆ ಶ್ರೀನಿವಾಸಪುರ ದಾಟಿ, ಮುಳಬಾಗಿಲು ಸುತ್ತಿ, ಹಳ್ಳ ಬಂದಲ್ಲಿ ಆಮೆಯಂತೆ ಇಳಿಸಿ, ಹಂಪು ಬಂದಲ್ಲಿ ಮಗುವನ್ನು ಎತ್ತಿದಂತೆ ಎತ್ತಿ, ಅಪರಿಚಿತ ಹೆಂಗಸೊಬ್ಬಳ ನಿದ್ದೆಯನ್ನು ಮೂರು ತಾಲ್ಲೂಕಿನಲ್ಲಿ ಮೆರೆಸಿದ. ಮೊಣಕೈ ಹೊರಗಿಡುವುದು ಮರೆತೇಹೋಗಿತ್ತು. ಮುಳಬಾಗಿಲಿನಲ್ಲಿ ದೋಸೆಯ ವಾಸನೆ ಬಂದಾಗ ಮುರಳಿಮೋಹನ್ ನಿಟ್ಟುಸಿರುಬಿಟ್ಟ. ಅನಸೂಯಮ್ಮ ಅವನನ್ನು ನೋಡಿದಳು. ಅವನು ಉಸಿರನ್ನೂ ತಗ್ಗಿಸಿದ.

ದೇವರಾಯಸಮುದ್ರದ ಕೆರೆಯ ಹತ್ತಿರ ಕುರಿಮಂದೆ ಅಡ್ಡ ಬಂದು ಕಾರು ನಿಲ್ಲಲೇಬೇಕಾಯಿತು. ಇಳಿಹೊತ್ತಿನ ಬಿಸಿಲು ನೀರಿನ ಮೇಲೆ ಚೆಲ್ಲಿತ್ತು. ಇದೇ ಸಮಯವೆಂದು ಅಶ್ವತ್ಥಪ್ಪ ಇಳಿದು ಓಡಿ ಬಂದು ಮುಂದಿನ ಗಾಜು ಬಡಿದ.

"ಏನ್ ತೀರ್ಮಾನ ಆಯ್ತು ಮೇಡಂ? ಪೆಟ್ರೋಲು ಖಾಲಿ ಆಗೋವರ್ಗೂ ಪರೀಕ್ಷೇನಾ?"

ಶ್ರೀವಾಣಿ ಕಣ್ಣು ಬಿಟ್ಟಳು. ಒಂದು ಕ್ಷಣ ಅವಳಿಗೆ ತಾನು ಯಾರೆಂದು ಗೊತ್ತಾಗಲಿಲ್ಲ. ಅದು ಎಷ್ಟು ಸುಖವಾಗಿತ್ತೆಂದು ಮುಖವೇ ಹೇಳುತ್ತಿತ್ತು. ಕೆರೆ ಕಂಡಳು, ಕುರಿ ಕಂಡಳು. ಆಮೇಲೆ ಹಿಂದಕ್ಕೆ ತಿರುಗಿ ಅನಸೂಯಮ್ಮನನ್ನು ನೋಡಿದಳು. ಅನಸೂಯಮ್ಮ ನೀರಿನ ಬಾಟಲಿ ಮುಂದೆ ಚಾಚಿದಳು.

ಶ್ರೀವಾಣಿ ಮುಖಕ್ಕೆ ನೀರು ಹಾಕಿಕೊಂಡು, ಜಡೆ ಬಿಗಿದುಕೊಂಡು, ಅಧಿಕಾರಿಯಾದಳು.

"ಮುರಳಿಮೋಹನ್, ಬರ್ಕೊಳಿ. ಸದ್ದು ಇದೆ. ಕಂಪನಿ ಒಪ್ಪಿಕೊಳ್ಳುತ್ತೆ."

ವೆಂಕಟರಾಯಪ್ಪ ಸ್ಟೇರಿಂಗಿಗೆ ಕೈ ಮುಗಿದ.

"ಸದ್ದು ಮೇಡಂ ಅವರದಲ್ಲ. ಗಾಡೀದು. ಆದ್ರೆ ಇದು ದೋಷ ಅಲ್ಲ, ಈ ಗಾಡಿ ಗುಣ. ಇದಕ್ಕೆ ರಿಪೇರಿ ಇಲ್ಲ. ಸೀಟು, ಬಾಗಿಲು, ಸೀಟಿನ ಮೇಲಿನ ಪ್ಲಾಸ್ಟಿಕ್ಕು, ಯಾವುದನ್ನೂ ಯಾರೂ ಮುಟ್ಟೋ ಹಾಗಿಲ್ಲ."

"ಪ್ಲಾಸ್ಟಿಕ್ಕೂ ಮುಟ್ಟೋ ಹಾಗಿಲ್ಲ," ಎಂದು ಅಶ್ವತ್ಥಪ್ಪ ಕುರಿ ಕಾಯುವವನಿಗೆ ಕೇಳುವಂತೆ ಹೇಳಿದ. "ಕಂಪ್ನೀನೇ ಹೇಳ್ತು ನೋಡಿ ಭಾವ. ನಾನು ಯಾವತ್ತೋ ಹೇಳಿದ್ದೆ."

"ಇನ್ನೊಂದು," ಎಂದಳು ಶ್ರೀವಾಣಿ. ಮಡಿಲಲ್ಲಿ ಫೋನು ಮತ್ತೆ ಬೆಳಗುತ್ತಿತ್ತು. "ಈ ಗಾಡೀನ ಗಮನದಲ್ಲಿ ಇಡಬೇಕು. ತಿಂಗಳಿಗೊಂದ್ಸಲ ನಾನೇ ಬಂದು ಕೇಳ್ತೀನಿ. ಇದೇ ದಾರಿ."

"ಮೇಡಂ, ತಿಂಗಳಿಗೊಂದು ಸಲ ಬರೋ ಪದ್ಧತಿ ನಮ್ಮಲ್ಲಿ..."

"ಇದೆ. ಬರ್ಕೊಳಿ."

ಅವನು ಬರೆದುಕೊಂಡ. ಅನಸೂಯಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು. ತನ್ನ ಸೀಟನ್ನು ತಿಂಗಳಿಗೊಂದು ದಿನ ಬಿಟ್ಟುಕೊಡುವುದು ಹೆಚ್ಚೇನಲ್ಲ.

ಶೋರೂಮಿನಲ್ಲಿ ಅವರನ್ನು ಇಳಿಸಿ ಸುಗಟೂರಿಗೆ ತಿರುಗಿದಾಗ ಬೆಳಕು ಕಂದುತ್ತಿತ್ತು. ಅನಸೂಯಮ್ಮ ಮುಂದೆ ಬಂದು ಕೂತಳು. ವೆಂಕಟರಾಯಪ್ಪ ದಾರಿಯುದ್ದಕ್ಕೂ ಮಾತಾಡಿದ. ಕಂಪನಿ ಹೇಗೆ ಬಗ್ಗಿತು, ಅಷ್ಟು ದೊಡ್ಡ ಇಂಜಿನಿಯರಿಗೇ ನಿದ್ದೆ ಬಂದ ಮೇಲೆ ಹೆಂಡತಿಗೆ ಬಂದದ್ದರಲ್ಲಿ ಏನು ತಪ್ಪು, ಇನ್ನು ಸಿಗ್ನಲ್ಲಿನಲ್ಲಿ ಯಾರಾದರೂ ಆಸ್ಪತ್ರೆ ಅಂದರೆ ಏನು ಉತ್ತರ ಕೊಡಬೇಕು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಇಳಿಯಿತು. ಎದುರಿನ ರಸ್ತೆಯನ್ನೇ ನೋಡುತ್ತಾ, ಕೆಮ್ಮಿ, ಅಂದ: "ಇಷ್ಟೆಲ್ಲ ಯಾಕೆ ಮಾಡ್ದೆ ಅಂದ್ಕೊಂಡೆ? ಅವ್ನು ನಿನ್ನ ಸದ್ದು ಅಂದ್ಬಿಟ್ನಲ್ಲ, ಅದು ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ. ಕಾರು ಹಾಳಾಗೋಗ್ಲಿ. ನಿಂಗೋಸ್ಕರ ಕಣೇ."

ಮದುವೆಯಾದಾಗಿನಿಂದ ವೆಂಕಟರಾಯಪ್ಪ ಬಾಯಿಬಿಟ್ಟು ಇಂಥದೊಂದು ಮಾತು ಆಡಿದ್ದು ಅದೇ ಮೊದಲು. ಉತ್ತರಕ್ಕಾಗಿ ಸ್ವಲ್ಪ ದೂರ ಕಾದ. ಆಮೇಲೆ ಓರೆಗಣ್ಣಲ್ಲಿ ನೋಡಿದ.

ಅನಸೂಯಮ್ಮ ನಿದ್ದೆ ಹೋಗಿ ಬಹಳ ಹೊತ್ತಾಗಿತ್ತು. ಅವನು ಹಾರ್ನಿನ ಮೇಲಿದ್ದ ಕೈ ತೆಗೆದು, ಊರ ಬಾಗಿಲಲ್ಲಿ ನಿಲ್ಲಿಸದೆ, ಮೆಲ್ಲಗೆ ಮುಂದಕ್ಕೆ ಓಡಿಸಿದ.